ಪುಷ್ಯ ಮಳೆಯ ಕೂಸಿನ ಬದುಕನ್ನು ಬರೆಯುವುದು ಹೇಗೆ?

ಪ್ರಶ್ನೆ: ನಮ್ಮ ಅಜ್ಜಿ, ಅಂದರೆ ತಂದೆಯ ತಾಯಿ, 2025ರ ಫೆಬ್ರುವರಿಯಲ್ಲಿ, ಮಾಘ ಮಾಸದಲ್ಲಿ, ತೀರಿಕೊಂಡರು. ಎಂಟು ಮಕ್ಕಳನ್ನು ಹೆತ್ತು, ಆರು ಮಂದಿಯನ್ನು ಉಳಿಸಿಕೊಂಡು, ಹದಿನೇಳು ಮೊಮ್ಮಕ್ಕಳನ್ನು ಎತ್ತಿ ಆಡಿಸಿದವರು. ಬರುವ ಮಾಘದಲ್ಲಿ ವರ್ಷದ ಕಾರ್ಯದ ಹೊತ್ತಿಗೆ ಅವರ ಬದುಕಿನ ಬಗ್ಗೆ ನಲವತ್ತು ಪುಟಗಳ ಪುಸ್ತಿಕೆಯೊಂದನ್ನು ಮಾಡಿ ನೆಂಟರಿಗೆ ಕೊಡಬೇಕೆಂದಿದ್ದೇವೆ. ಆದರೆ ಅವರ ವಯಸ್ಸೇ ನಮಗೆ ಸರಿಯಾಗಿ ಗೊತ್ತಿಲ್ಲ. ಮನೆಯವರು 'ನೂರರ ಹತ್ತಿರ' ಎನ್ನುತ್ತಾರೆ. ಆಧಾರ್ ಕಾರ್ಡಿನಲ್ಲಿ 1938ರ ಜನವರಿ 1 ಎಂದಿದೆ. ಅಜ್ಜಿ ಮಾತ್ರ 'ಪ್ರಮೋದೂತದಲ್ಲಿ, ಪುಷ್ಯದ ಮಳೆ ಹೊಯ್ಯುವಾಗ ಹುಟ್ಟಿದ್ದು' ಎನ್ನುತ್ತಿದ್ದರು. ಜೋಗದಲ್ಲಿ ದೀಪ ಹತ್ತಿದ ವರ್ಷ ಮದುವೆಯಾಯಿತಂತೆ. ಅಜ್ಜ ಗೇಣಿದಾರರ ಕಾಗೋಡು ಸತ್ಯಾಗ್ರಹದಲ್ಲಿ ಜೈಲಿಗೆ ಹೋದಾಗ ದೊಡ್ಡತ್ತೆ ಇನ್ನೂ ಮಗ್ಗುಲು ಮಗುಚುವ ಕೂಸು. ಅಜ್ಜನ ಜೈಲಿನ ಕಥೆ ಎಲ್ಲರಿಗೂ ಗೊತ್ತು. ಮುಳುಗಡೆಯಲ್ಲಿ ಮನೆ ಬಿಟ್ಟು ಬರುವಾಗ ನನ್ನ ತಂದೆ ತೊಟ್ಟಿಲಲ್ಲಿದ್ದರು. ಅಜ್ಜಿಗೆ ಓದು ಬರಹ ಇರಲಿಲ್ಲ. ಪತ್ರವಾಗಲಿ, ದಿನಚರಿಯಾಗಲಿ ಇಲ್ಲ; ಫೋಟೋ ಎರಡೇ ಇವೆ. ಚಿತ್ತಾರ ಬರೆಯುತ್ತಿದ್ದರು, ಸೋಬಾನೆ ಹೇಳುತ್ತಿದ್ದರು. ಅವರ ಬೆನ್ನಿಗೆ ಹುಟ್ಟಿದ ತಂಗಿ ಶರಾವತಿ ಹಿನ್ನೀರಿನ ಆಚೆ, ಅಜ್ಜಿಯ ತವರಾದ ತುಮರಿಯ ಕಡೆ ಇದ್ದಾರೆ. ನಾನು ಬರೆಯಲು ಕುಳಿತರೆ 'ಮಮತಾಮಯಿ, ತ್ಯಾಗಜೀವಿ' ಎಂಬಲ್ಲಿಗೆ ಬಂದು ನಿಂತುಬಿಡುತ್ತೇನೆ. ಮುಂದೆ ಹೇಗೆ?
(ಹೆಸರು ಪ್ರಕಟಿಸಬಾರದೆಂದು ಕೋರಿರುವ ಮೊಮ್ಮಗಳು, ಶಿವಮೊಗ್ಗ)

ಉತ್ತರ: ವಯಸ್ಸಿನ ಪ್ರಶ್ನೆಯಿಂದಲೇ ಹೊರಡೋಣ. ಅದು ನೀವು ಅಂದುಕೊಂಡಷ್ಟು ತೊಡಕಿನದಲ್ಲ. ಅದನ್ನು ಬಿಡಿಸುವ ದಾರಿಯಲ್ಲೇ ಉಳಿದ ಬದುಕನ್ನೂ ಹುಡುಕಬಹುದು.

ಆಧಾರ್ ಕಾರ್ಡಿನ ಜನವರಿ 1ನ್ನು ಹುಟ್ಟಿದ ದಿನವೆಂದು ನಂಬಬೇಡಿ. ಜನ್ಮದಾಖಲೆ ಇಲ್ಲದ ಹಿರಿಯರನ್ನು ನೋಂದಾಯಿಸುವಾಗ ಹೇಳಿದ ವಯಸ್ಸನ್ನೋ ಮುಖ ನೋಡಿ ಅಂದಾಜಿಸಿದ ವಯಸ್ಸನ್ನೋ ಹಿಡಿದು, ಆ ವರ್ಷದ ಮೊದಲ ದಿನವನ್ನು ದಾಖಲಿಸುವುದು ವಾಡಿಕೆ. ಮಲೆನಾಡಿನ ಅರ್ಧ ಅಜ್ಜಿಯರು ಒಂದೇ ದಿನ ಹುಟ್ಟಿದಂತೆ ಕಾಣುವುದು ಇದರಿಂದಲೇ. 'ನೂರರ ಹತ್ತಿರ' ಎಂಬುದಾದರೋ ಲೆಕ್ಕವಲ್ಲ, ಗೌರವ. ನಿಮ್ಮಲ್ಲಿರುವ ಮೂರು ಹೇಳಿಕೆಗಳಲ್ಲಿ ನಿಖರವಾದದ್ದು ಅಕ್ಷರ ಬಾರದ ಅಜ್ಜಿಯ ಮಾತೇ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ಪ್ರಮೋದೂತ ಬಂದದ್ದು 1930ರ ಯುಗಾದಿಯಿಂದ 1931ರ ಯುಗಾದಿಯವರೆಗೆ, ಆಮೇಲೆ 1990ರಲ್ಲಿ. 1990ರಲ್ಲಿ ಅವರು ಆಗಲೇ ಅಜ್ಜಿಯಾಗಿದ್ದರು, ಆದ್ದರಿಂದ ವರ್ಷದ ಬಗ್ಗೆ ಗೊಂದಲವೇ ಇಲ್ಲ. ಇನ್ನು ಪುಷ್ಯ ಮಳೆ. ಮಳೆ ನಕ್ಷತ್ರಗಳು ಚಂದ್ರನ ತಿಥಿಯನ್ನಲ್ಲ, ಸೂರ್ಯನ ನಡೆಯನ್ನು ಅನುಸರಿಸುತ್ತವೆ. ಹಾಗಾಗಿ ಅವು ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ದಿನಗಳಿಗೆ ಬೀಳುತ್ತವೆ. ಪುನರ್ವಸು ಮುಗಿದು ಪುಷ್ಯ ಹಿಡಿಯುವುದು ಜುಲೈ 20ರ ಆಸುಪಾಸಿಗೆ, ಆಶ್ಲೇಷ ಶುರುವಾಗುವುದು ಆಗಸ್ಟ್ 2–3ಕ್ಕೆ. ಎಂದರೆ ನಿಮ್ಮ ಅಜ್ಜಿ ಹುಟ್ಟಿದ್ದು 1930ರ ಜುಲೈ ಕೊನೆಯ ಆ ಹದಿನಾಲ್ಕು ದಿನಗಳ ಒಳಗೆ. ತೀರಿಕೊಂಡಾಗ ಅವರಿಗೆ 94 ತುಂಬಿ ಆರು ತಿಂಗಳಾಗಿತ್ತು.

ಒಂದೇ ಸಾಕ್ಷಿಯ ಮೇಲೆ ತೀರ್ಪು ಬರೆಯುವುದು ಬದುಕುಗಳನ್ನು ದಾಖಲಿಸುವ ನಮ್ಮ ಕೆಲಸದಲ್ಲಿ ತಪ್ಪು, ಆದ್ದರಿಂದ ಒರೆಗೆ ಹಚ್ಚಿ ನೋಡೋಣ. ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿದ್ದು 1948ರಲ್ಲಿ. ಆಗ ಅಜ್ಜಿಗೆ ಹದಿನೇಳು–ಹದಿನೆಂಟು. ಕಾಗೋಡು ಸತ್ಯಾಗ್ರಹ 1951ರ ಏಪ್ರಿಲ್ ತಿಂಗಳಲ್ಲಿ ಶುರುವಾದದ್ದು. ಮಗ್ಗುಲು ಮಗುಚುವ ಮೊದಲ ಮಗಳನ್ನು ಕಂಕುಳಲ್ಲಿಟ್ಟುಕೊಂಡ ತಾಯಿಗೆ ಇಪ್ಪತ್ತೋ ಇಪ್ಪತ್ತೊಂದೋ. ಎರಡೂ ಸರಿಹೊಂದುತ್ತವೆ. ಆಧಾರ್ ಕಾರ್ಡನ್ನು ನಂಬಿದರೆ ಅವರು ಹತ್ತು ವರ್ಷಕ್ಕೆ ಮದುವೆಯಾಗಿ ಹನ್ನೆರಡು–ಹದಿಮೂರಕ್ಕೆ ಹೆತ್ತಿರಬೇಕಾಗುತ್ತದೆ. ಪುಸ್ತಿಕೆಯಲ್ಲಿ ಧೈರ್ಯವಾಗಿ '1930, ಪ್ರಮೋದೂತ ಸಂವತ್ಸರ, ಪುಷ್ಯ ಮಳೆ' ಎಂದು ಅಚ್ಚು ಹಾಕಿಸಿ. ಮರಣ ಪ್ರಮಾಣಪತ್ರದಲ್ಲಿ ಬೇರೆ ವಯಸ್ಸು ಇದ್ದರೆ ಇರಲಿ. ಅದು ಕಚೇರಿಗೆ ಸಂಬಂಧಿಸಿದ್ದು, ಅದಕ್ಕೆ ಹೊಂದಿಸಲೆಂದು ಅಜ್ಜಿಯ ಮಾತನ್ನು ತಿದ್ದಬೇಕಾಗಿಲ್ಲ.

ಬರೆಯದವರ ಕಾಲಗಣನೆ ನಡೆಯುವುದೇ ಹೀಗೆ, 'ಇಂಥದ್ದು ಆದ ವರ್ಷ' ಎಂಬ ಗುರುತಿನಿಂದ. ನಮ್ಮ ಜಿಲ್ಲೆಯಲ್ಲಿ ಅಂಥ ಗುರುತುಗಳಿಗೆ ಬರವಿಲ್ಲ: ಈಸೂರಿನ ಗಲಾಟೆ (1942), ಹೊಸ ಪೈಸೆ ಬಂದದ್ದು (1957ರ ಏಪ್ರಿಲ್), ಡಿಕ್ಲರೇಷನ್ ಕೊಟ್ಟದ್ದು, ಅಂದರೆ ಗೇಣಿದಾರರು ಭೂಮಿಗಾಗಿ ಅರ್ಜಿ ಹಾಕಿದ್ದು (1974ರ ನಂತರ). ಆದರೆ ಒಂದು ಎಚ್ಚರ ಬೇಕು. ಒಂದೇ ಮಾತು ಎರಡು ಕಾಲಕ್ಕೆ ಸಲ್ಲುವುದುಂಟು. ಶರಾವತಿ ಕಣಿವೆಯವರು 'ಮುಳುಗಡೆ' ಎಂದರೆ ಯಾವ ಮುಳುಗಡೆ ಎಂದು ಕೇಳಲೇಬೇಕು. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೊಡಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆಯಿಂದ 1940ರ ದಶಕದಲ್ಲೇ ಒಂದು ಮುಳುಗಡೆ ಆಗಿತ್ತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆ ಆ ಹಳೆಯ ಕಟ್ಟೆಯನ್ನೂ ಸೇರಿಸಿ ಮುಳುಗಿಸಿತು. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದಾಗ ಮಡೆನೂರಿನ ಹತ್ತಿರ ಆ ಕಟ್ಟೆ ಮೇಲೆದ್ದು ಕಾಣುತ್ತದೆ. ಹಾಗೆಯೇ 'ಮಂಗನ ಕಾಯಿಲೆ ವರ್ಷ' ಎಂದರೆ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಅದು ಮೊದಲು ಗುರುತಾದ 1957 ಎಂದೇ ತಿಳಿಯಬಾರದು. ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2018–19ರಲ್ಲೂ ಅದು ಜೀವ ತೆಗೆದಿದೆ. ನಿಮ್ಮ ಮನೆಯ ವಿಚಾರದಲ್ಲಿ ತೊಟ್ಟಿಲಲ್ಲಿದ್ದ ತಂದೆಯವರೇ ಅಳತೆಗೋಲು. ಅವರು ಹುಟ್ಟಿದ ವರ್ಷ ಗೊತ್ತಾದರೆ ಮನೆ ಬಿಟ್ಟ ವರ್ಷವೂ ಗೊತ್ತಾಯಿತು. ಆದರೆ ಶಾಲೆಯ ದಾಖಲಾತಿಯಲ್ಲಿರುವ ಹುಟ್ಟಿದ ತಾರೀಕನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಮಗು ಸೇರಲು ವಯಸ್ಸು ಹೊಂದಲೆಂದು ಮೇಷ್ಟರೇ ಒಂದು ತಾರೀಕು ಬರೆದುಕೊಳ್ಳುತ್ತಿದ್ದ ಕಾಲ ಅದು.

ಇನ್ನು ನಿಮ್ಮ ನಿಜವಾದ ತೊಂದರೆಗೆ ಬರುತ್ತೇನೆ. 'ಮಮತಾಮಯಿ' ಎಂಬಲ್ಲಿ ಬರಹ ನಿಲ್ಲುವುದಕ್ಕೆ ನಿಮ್ಮ ಪ್ರೀತಿಯ ಕೊರತೆಯಾಗಲಿ, ಭಾಷೆಯ ಕೊರತೆಯಾಗಲಿ ಕಾರಣವಲ್ಲ. ಆ ಮಾತನ್ನು ಯಾರ ಅಜ್ಜಿಗೂ ಹೇಳಬಹುದು. ಹಾಗಾಗಿ ಅದರಲ್ಲಿ ನಿಮ್ಮ ಅಜ್ಜಿ ಇಲ್ಲ. ಇಂಥ ಸ್ಮರಣ ಸಂಚಿಕೆಗಳನ್ನು ನಾನು ನೂರಾರು ಓದಿದ್ದೇನೆ, ಕೆಲವನ್ನು ತಿದ್ದಿಯೂ ಕೊಟ್ಟಿದ್ದೇನೆ. ಬಹುಪಾಲು ಸಂಚಿಕೆಗಳಲ್ಲಿ ಹೆಸರು ಬದಲಿಸಿದರೆ ಯಾವ ಮನೆಗಾದರೂ ಹೊಂದಿಕೊಳ್ಳುತ್ತವೆ. ಗುಣ ಹೇಳುವ ಪದಗಳನ್ನೆಲ್ಲ ಮೊದಲ ಕರಡಿನಲ್ಲಿ ಸುಮ್ಮನೆ ಹೊಡೆದುಹಾಕಿ, ಅಜ್ಜಿ ಏನು ಮಾಡುತ್ತಿದ್ದರು ಎಂಬ ಕ್ರಿಯಾಪದಗಳನ್ನು ಮಾತ್ರ ಉಳಿಸಿ. ಬೆಳಿಗ್ಗೆ ಎದ್ದವರು ಮೊದಲು ಕೊಟ್ಟಿಗೆಗೆ ಹೋಗುತ್ತಿದ್ದರೋ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದರೋ? ನೆಟ್ಟಿಯ ದಿನಗಳಲ್ಲಿ ಗೊರಬು ಹೊತ್ತು ಗದ್ದೆಗೆ ಇಳಿದರೆ ಎಷ್ಟು ಹೊತ್ತಿಗೆ ಮೇಲೆ ಬರುತ್ತಿದ್ದರು, ಆ ಹೊತ್ತಿನಲ್ಲಿ ಮೊಲೆಕೂಸು ಯಾರ ಬಳಿ ಇರುತ್ತಿತ್ತು? ಕಳಲೆಯನ್ನು ಎಷ್ಟು ದಿನ ನೀರು ಬದಲಿಸಿ ನೆನೆಹಾಕುತ್ತಿದ್ದರು? ಎಲೆಯಡಿಕೆ ಸಂಚಿಯನ್ನು ಸೊಂಟದ ಯಾವ ಮಗ್ಗುಲಿಗೆ ಸಿಕ್ಕಿಸುತ್ತಿದ್ದರು? ಇವು ಕ್ಷುಲ್ಲಕ ಪ್ರಶ್ನೆಗಳಲ್ಲ. ತೊಂಬತ್ನಾಲ್ಕು ವರ್ಷದ ಬದುಕಿನ ಬಹುಭಾಗ ನಡೆದದ್ದು ಇಂಥ ಕೆಲಸಗಳಲ್ಲೇ.

ಅಜ್ಜನ ಜೈಲಿನ ಕಥೆ ಎಲ್ಲರಿಗೂ ಗೊತ್ತು ಎಂದು ಬರೆದಿದ್ದೀರಿ. ಆ ವಾಕ್ಯದ ಬಳಿ ನಾನು ಬಹಳ ಹೊತ್ತು ನಿಂತೆ. ಕಾಗೋಡಿನ ಹೋರಾಟ ಗೇಣಿ ಅಳೆಯುವ ಕೊಳಗದ ತಕರಾರಿನಿಂದ ಹೊತ್ತಿಕೊಂಡದ್ದು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಗ್ಗೂಡಿಸಿದ್ದು, ಶಾಂತವೇರಿ ಗೋಪಾಲಗೌಡರು ಜೊತೆಯಾದದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಎಲ್ಲವೂ ಇತಿಹಾಸದ ಪುಸ್ತಕಗಳಲ್ಲಿ ಇವೆ. ಅದು ಏಪ್ರಿಲ್ ತಿಂಗಳಲ್ಲಿ ಮೊದಲಾಗಿ ಮಳೆಗಾಲಕ್ಕೆ ಮುಂದುವರಿಯಿತು ಎಂಬುದನ್ನು ಈಗ ಅಜ್ಜಿಯ ಕಡೆಯಿಂದ ನೋಡಿ. ಅವು ಗದ್ದೆಗೆ ಗೊಬ್ಬರ ಹೊತ್ತು, ಅಗೆ ಹಾಕಿ, ಮಳೆಗಾಲಕ್ಕೆ ಸೌದೆ ಕೂಡಿಸಬೇಕಾದ ತಿಂಗಳುಗಳು. ಉಳಲು ಹೋದ ಗಂಡಸರನ್ನು ಪೊಲೀಸರು ಹಿಡಿದೊಯ್ಯುತ್ತಿದ್ದರು. ಗೇಣಿಯ ಗದ್ದೆಗೆ ಇಳಿಯುವಂತಿಲ್ಲ. ಮನೆಯಲ್ಲಿ ಇಪ್ಪತ್ತು ದಾಟಿದ ಹೆಂಗಸು, ತೊಡೆಯ ಮೇಲೆ ಕೂಸು. ಪಣತದಲ್ಲಿ ಎಷ್ಟು ಬತ್ತ ಉಳಿದಿತ್ತು? ಯಾರ ಮನೆಯಿಂದ ಕಡ ತಂದರು? ಒಡೆಯರ ಮನೆಯ ಬಾವಿಯ ನೀರು, ಅವರ ಬೆಟ್ಟದ ಸೊಪ್ಪು ನಿಂತುಹೋಯಿತೇ? ಆ ಮಳೆಗಾಲ ಆ ಮನೆಯಲ್ಲಿ ಒಲೆ ಉರಿದದ್ದು ಹೇಗೆ ಎಂಬುದು ಕಾಗೋಡು ಚಳವಳಿಯ ಇತಿಹಾಸದ ಭಾಗವೇ. ಅದನ್ನು ಹೇಳಬಲ್ಲವರು ಈಗ ಬೆರಳೆಣಿಕೆಯಷ್ಟು ಮಂದಿ. ಸತ್ಯಾಗ್ರಹದಲ್ಲಿ ಹೆಂಗಸರೂ ಇದ್ದರು. ನಿಮ್ಮ ಅಜ್ಜಿಯೇ ಗದ್ದೆಯ ಬದುವಿನ ಮೇಲೆ ನಿಂತಿದ್ದರೋ ಏನೋ, ಯಾರಾದರೂ ಕೇಳಿದ್ದೀರಾ? ಅಜ್ಜನ ಕಥೆಯ ಪಕ್ಕದಲ್ಲಿ ಅಜ್ಜಿಯ ಕಥೆ ನಡೆದೇ ಇರುತ್ತದೆ. ಮನೆಯಲ್ಲಿ ಪ್ರಸಿದ್ಧವಾಗಿರುವ ಪ್ರತಿಯೊಂದು ಗಂಡಸರ ಕಥೆಯನ್ನೂ ತೆಗೆದುಕೊಂಡು 'ಆಗ ಅಜ್ಜಿ ಎಲ್ಲಿದ್ದರು?' ಎಂದು ಕೇಳುತ್ತಾ ಹೋಗಿ. ನಲವತ್ತು ಪುಟ ಸಾಲದೆ ಬಂದೀತು.

ಕಾಗದ ಪತ್ರಗಳ ವಿಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಜ್ಜಿಯ ಹೆಸರಿನ ಕಾಗದ ಇಲ್ಲದಿದ್ದರೂ ಅಜ್ಜಿಯ ಬದುಕು ಹಾದುಹೋದ ಕಾಗದಗಳಿವೆ. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಡಲು 1979ರ ಜೂನ್ 30ರವರೆಗೆ ಅವಕಾಶವಿತ್ತು. ಮುಳುಗಡೆಯಾಗಿ ಬಂದ ಮೇಲೂ ನಿಮ್ಮ ಅಜ್ಜ ಗೇಣಿ ಮಾಡಿದ್ದರೆ ಆ ಅರ್ಜಿ, ಭೂ ನ್ಯಾಯಮಂಡಳಿಯ ಆದೇಶ, ಸಾಕ್ಷಿಗಳ ಹೇಳಿಕೆ ಇವುಗಳ ಕಡತಕ್ಕಾಗಿ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಹಳೆಯ ಪಹಣಿಗಳನ್ನೂ ತೆಗೆಸಿ. ಸಾಗುವಳಿದಾರರನ್ನು ಬರೆಯುವ 12ನೇ ಕಾಲಂನಲ್ಲಿ ಅಜ್ಜನ ಹೆಸರು ಇದ್ದು, ಆದೇಶವಾದ ಮೇಲೆ ಅದು ಹಕ್ಕುದಾರರ 9ನೇ ಕಾಲಂಗೆ ಬಂದಿರುತ್ತದೆ. ಅಜ್ಜ ತೀರಿಕೊಂಡ ಮೇಲೆ ಪೌತಿ ಖಾತೆ ಆಗಿದ್ದರೆ ಅಲ್ಲಿ ಮೊದಲ ಬಾರಿಗೆ ಅಜ್ಜಿಯ ಹೆಸರು ಸಿಗಬಹುದು. ಆ ವರ್ಷವನ್ನು ಗುರುತು ಹಾಕಿಕೊಳ್ಳಿ. ಬಾಲ್ಯದಿಂದ ಗದ್ದೆಯಲ್ಲಿ ದುಡಿದ ಹೆಂಗಸು ನೆಲದ ಒಡತಿಯೆಂದು ಸರ್ಕಾರದ ಪುಸ್ತಕದಲ್ಲಿ ಕಾಣಿಸಿಕೊಂಡದ್ದು ಎಷ್ಟನೆಯ ವಯಸ್ಸಿನಲ್ಲಿ ಎಂಬುದು ತಿಳಿಯುತ್ತದೆ. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯನ್ನು ನಾನೂ ಹುಡುಗನಾಗಿ ಕೂಗಿದವನೇ. ನಮ್ಮ ಕಡೆ ನೇಗಿಲು ಹಿಡಿಯುವುದೊಂದನ್ನು ಬಿಟ್ಟು ನೆಟ್ಟಿ, ಕಳೆ, ಕೊಯ್ಲು ಎಲ್ಲದಕ್ಕೂ ಹೆಂಗಸರೇ ಬೇಕಾಗಿದ್ದರೂ ಆ ಮಾತಿನ ವ್ಯಾಕರಣದಲ್ಲಿ ಅವರಿಗೆ ಜಾಗವಿರಲಿಲ್ಲ ಎಂದು ಹೊಳೆದದ್ದು ತಲೆ ನೆರೆತ ಮೇಲೆ.

ಮುಳುಗಡೆಯ ಪರಿಹಾರದ ಕಾಗದಗಳಿಂದ ಹೆಚ್ಚು ನಿರೀಕ್ಷಿಸಬೇಡಿ. ಗೇಣಿದಾರರ ಮನೆಗಳಿಗೆ ಅವು ಬಹುಮಟ್ಟಿಗೆ ಖಾಲಿ. ಅದಕ್ಕಿಂತ ಗಾಡಿಯಲ್ಲೋ ಲಾರಿಯಲ್ಲೋ ಏನೇನು ಹೇರಿಕೊಂಡು ಬಂದರು ಎಂದು ದೊಡ್ಡತ್ತೆಯನ್ನು ಕೇಳಿ. ಅವರಿಗೆ ಆಗ ಹತ್ತು ವರ್ಷದ ಮೇಲಾಗಿರಬೇಕು, ಆ ವಯಸ್ಸಿನ ನೆನಪು ಗಟ್ಟಿ. ಹೆಂಚು, ಬಾಗಿಲು, ತೊಲೆ ಬಿಚ್ಚಿ ತಂದರೇ? ಒರಳುಕಲ್ಲು ಬಂತೇ, ಅಲ್ಲೇ ಉಳಿಯಿತೇ? ಹಸುಗಳನ್ನು ಹೊಡೆದುಕೊಂಡು ಬಂದವರು ಯಾರು? ದೇವರನ್ನು, ಚೌಡಿಯನ್ನು ಏನು ಮಾಡಿದರು? ಅಜ್ಜಿ ಹಿತ್ತಲಿನಿಂದ ಯಾವ ಗಿಡದ ಕುಡಿಯನ್ನು ಚಿವುಟಿ ತಂದು ಈಗಿನ ಮನೆಯ ಹಿಂದೆ ಊರಿದರು? ಈ ಕೊನೆಯ ಪ್ರಶ್ನೆಯನ್ನು ಮುಳುಗಡೆಯ ಅನೇಕ ಹೆಂಗಸರಿಗೆ ಕೇಳಿದ್ದೇನೆ. ಹೆಚ್ಚಿನವರು ಬಾಯಿಂದ ಉತ್ತರ ಹೇಳದೆ ಎದ್ದು ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದ್ದಾರೆ.

ಚಿತ್ತಾರದ ವಿಷಯದಲ್ಲಿ ನೀವು ಕೊಂಚ ಅವಸರ ಮಾಡಬೇಕು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಹಿಡಿದು ಪುಂಡಿನಾರಿನಿಂದ ಎಳೆ ಎಳೆಯುವ ಆ ಕಲೆ ಕಾಗದಕ್ಕಾಗಿ ಹುಟ್ಟಿದ್ದಲ್ಲ. ಮದುವೆ ಮುಗಿದು ಮುಂದಿನ ಸುಣ್ಣ ಬಣ್ಣಕ್ಕೆ ಅದು ಅಳಿಸಿಹೋಗುತ್ತದೆ. ಆದರೆ ಅಜ್ಜಿಯ ಕೈಯ ಎಳೆ ಎರಡು ಕಡೆ ಉಳಿದಿರುವ ಸಾಧ್ಯತೆ ಇದೆ. ಮೊದಲನೆಯದು ಅಟ್ಟದ ಮೇಲಿನ ಭೂಮಣ್ಣಿ ಬುಟ್ಟಿ, ಭೂಮಿ ಹುಣ್ಣಿಮೆಯಂದು ಗದ್ದೆಗೆ ಎಡೆ ಹೊತ್ತೊಯ್ಯುವ ಚಿತ್ತಾರದ ಬುಟ್ಟಿ. ಭೂಮಿ ಹುಣ್ಣಿಮೆ ಈಗಷ್ಟೇ ಮುಗಿದಿದೆ. ಈ ವರ್ಷ ಬುಟ್ಟಿ ಬರೆದವರು ಯಾರು, ಅಜ್ಜಿ ಬರೆದ ಹಳೆಯ ಬುಟ್ಟಿಗಳು ಯಾವುವು ಎಂದು ವಿಚಾರಿಸಿ, ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಎರಡನೆಯದು ಅವರಿಂದ ಕಲಿತವರ ಕೈ. ನಿಮ್ಮ ಸೋದರತ್ತೆಯರಲ್ಲೋ ಚಿಕ್ಕಮ್ಮಂದಿರಲ್ಲೋ ಒಬ್ಬರನ್ನು ಕೂರಿಸಿ, ಅಜ್ಜಿ ಬರೆಯುತ್ತಿದ್ದ ಕ್ರಮದಲ್ಲೇ, ಮೊದಲು ಯಾವ ಗೆರೆ, ಆಮೇಲೆ ಯಾವುದು, ಪ್ರತಿಯೊಂದಕ್ಕೂ ಅವರು ಕರೆಯುತ್ತಿದ್ದ ಹೆಸರೇನು ಎಂದು ಹೇಳಿಸುತ್ತಾ ಬರೆಸಿ. ಮುಗಿದ ಚಿತ್ರಕ್ಕಿಂತ ಬರೆಯುತ್ತಿರುವ ಕೈಯ ವೀಡಿಯೋ ಮುಖ್ಯ. ಭೂಮಿ ಹುಣ್ಣಿಮೆಯಂದು ಗರ್ಭಿಣಿ ಭೂಮಿಗೆ ಬಯಕೆ ಹಾಕಲು ಅಜ್ಜಿ ರಾತ್ರಿಯಿಡೀ ಬೇಯಿಸುತ್ತಿದ್ದ ಸೊಪ್ಪುಗಳು ಎಷ್ಟು ಬಗೆಯವು, ಯಾವ ಬೆಟ್ಟದವು ಎಂಬುದನ್ನೂ ಅದೇ ಕೂರಿಕೆಯಲ್ಲಿ ಬರೆದುಕೊಂಡುಬಿಡಿ.

ಹಾಡುಗಳಿಗೂ ಇದೇ ಮಾತು. ಸೋಬಾನೆಯನ್ನು ಅಜ್ಜಿಯ ಜೊತೆಗೆ ದನಿಗೂಡಿಸುತ್ತಿದ್ದವರಿಂದ ಹೇಳಿಸಿ, ಒಬ್ಬರನ್ನೇ ಕೂರಿಸಬೇಡಿ; ಮುಂದಾಳು ಬಿಟ್ಟ ಸೊಲ್ಲನ್ನು ಹಿಂದಾಳು ಎತ್ತಿಕೊಳ್ಳುವಾಗಲೇ ಮರೆತ ಸಾಲುಗಳು ಮರಳಿ ಬರುತ್ತವೆ. ಬರೆದುಕೊಳ್ಳುವಾಗ ಅವರ ಮಾತನ್ನು ಗ್ರಂಥದ ಕನ್ನಡಕ್ಕೆ ತಿದ್ದಬೇಡಿ. 'ಹೋಗ್ತಿದ್ರು'ವನ್ನು 'ಹೋಗುತ್ತಿದ್ದರು' ಮಾಡಿದ ಕ್ಷಣಕ್ಕೆ ಅಜ್ಜಿಯ ಜಾಗದಲ್ಲಿ ಶಾಲೆಯ ಮೇಡಂ ಕುಳಿತಿರುತ್ತಾರೆ.

ಕೇಳುವ ಕ್ರಮದ ಬಗ್ಗೆ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಈ ಕೆಲಸಕ್ಕೆ ಹೊಸಬನಾಗಿದ್ದಾಗ ನನ್ನ ಸೋದರತ್ತೆಯ ಬದುಕನ್ನು ದಾಖಲಿಸುವೆನೆಂದು ಟೇಪ್ ರೆಕಾರ್ಡರ್ ಹಿಡಿದು ಹೋಗಿ, ಅವರನ್ನು ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿ, 'ನಿಮ್ಮ ಜೀವನದ ಕಥೆ ಹೇಳಿ ಅತ್ತೆ' ಎಂದೆ. ಜೀವಮಾನದಲ್ಲಿ ಜಗಲಿಯ ಕುರ್ಚಿಯಲ್ಲಿ ಕೂತವರಲ್ಲ ಅವರು. 'ನಂದೆಂತ ಕಥೆ ಮಾರಾಯ, ಉಂಡದ್ದು ಬೇಯ್ಸಿದ್ದು' ಎಂದು ಎದ್ದುಹೋದರು. ಅದೇ ರಾತ್ರಿ ಅಡಿಕೆ ಸುಲಿಯುವ ಹೊತ್ತಿನಲ್ಲಿ, ಮೆಟ್ಟುಗತ್ತಿಯ ಮುಂದೆ ಕೂತು, ಹತ್ತು ಹೆಂಗಸರ ನಡುವೆ, ನಡುರಾತ್ರಿಯವರೆಗೆ ತಮ್ಮ ಮದುವೆ, ಮೊದಲ ಬಾಣಂತನ, ಒಮ್ಮೆ ಮುನಿಸಿಕೊಂಡು ತವರಿಗೆ ನಡೆದುಹೋದದ್ದು ಎಲ್ಲವನ್ನೂ ಹೇಳಿದರು. ನನ್ನ ಯಂತ್ರ ಒಳಗೆ ಚೀಲದಲ್ಲಿತ್ತು. ಮರುವರ್ಷದ ಕೊಯ್ಲಿಗೆ ಅವರಿರಲಿಲ್ಲ. ನೀವು ಯಾರನ್ನೇ ಕೇಳುವುದಿದ್ದರೂ ಕೆಲಸದ ಜಾಗದಲ್ಲಿ, ಕೈಗೆ ಕೆಲಸ ಕೊಟ್ಟು ಕೇಳಿ. ಫೋನನ್ನು ಮೊದಲೇ ತೋರಿಸಿ, ಒಪ್ಪಿಗೆ ಪಡೆದು, ಪಕ್ಕದಲ್ಲಿಟ್ಟು ಮರೆತುಬಿಡಿ. ಮನೆಗೆ ಬಂದ ದಿನವೇ ಧ್ವನಿಯ ಕಡತವನ್ನು ಇನ್ನೊಂದು ಕಡೆ ನಕಲು ಮಾಡಿಡಿ.

ಎಂಟರಲ್ಲಿ ಆರು ಎಂದಿರಿ. ಉಳಿದ ಇಬ್ಬರನ್ನು ಪುಸ್ತಿಕೆಯಲ್ಲಿ ಬಿಡಬೇಡಿ. ಅವರಿಗೆ ಹೆಸರಿಟ್ಟಿದ್ದರೇ, ಎಷ್ಟು ದಿನ ಬದುಕಿದ್ದರು, ಯಾವ ಜ್ವರ ಎಂದು ಕೇಳಲು ಮನೆಯವರು ಹಿಂಜರಿಯುತ್ತಾರೆ. ಆದರೆ ವಂಶವೃಕ್ಷದಲ್ಲಿ ಆರೇ ಕೊಂಬೆ ಬರೆದರೆ ಅಜ್ಜಿಯ ಎರಡು ಬಾಣಂತನಗಳನ್ನು ಇಲ್ಲವೆಂದಂತಾಗುತ್ತದೆ. ಅಜ್ಜಿ ಹೆರುತ್ತಿದ್ದ ಕಾಲ ಎಂಥದ್ದೆಂದು ಓದುಗರಿಗೆ ತಿಳಿಸಲು ಒಂದು ಅಂಕಿ ಸಾಕು: 1951ರ ಜನಗಣತಿಯ ಹೊತ್ತಿಗೆ ಭಾರತದಲ್ಲಿ ಹುಟ್ಟಿದ ಕೂಸಿನ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಆಗ ಎಲ್ಲರೂ ಮೂವತ್ತೆರಡಕ್ಕೆ ಸಾಯುತ್ತಿದ್ದರು ಎಂದು ಇದರ ಅರ್ಥವಲ್ಲ, ಹಾಗೆಂದು ತಪ್ಪು ತಿಳಿಯುವವರು ಬಹಳ. ಕೂಸುಗಳು ಅಷ್ಟು ಸಂಖ್ಯೆಯಲ್ಲಿ ತೀರಿಕೊಳ್ಳುತ್ತಿದ್ದುದರಿಂದ ಸರಾಸರಿ ಕೆಳಗೆ ಬಿದ್ದಿತ್ತು. ಬಾಲ್ಯ ದಾಟಿ, ಹೆರಿಗೆಗಳನ್ನೂ ದಾಟಿದ ಹೆಂಗಸು ಎಪ್ಪತ್ತು ಎಂಬತ್ತು ಕಾಣುವುದು ಆಗಲೂ ಇತ್ತು. ನಿಮ್ಮ ಅಜ್ಜಿ ಎಂಟು ಬಾರಿ ಆ ಗಂಡಾಂತರ ದಾಟಿದವರು. ಸೂಲಗಿತ್ತಿ ಯಾರಿದ್ದರು, ಆಸ್ಪತ್ರೆಯಲ್ಲಿ ಹುಟ್ಟಿದ ಮೊದಲ ಮಗು ಯಾವುದು ಎಂಬುದೂ ಬರಲಿ.

ಸೊಸೆಯಂದಿರನ್ನು ಬೇರೆಯಾಗಿ ಮಾತನಾಡಿಸಿ. ಮಕ್ಕಳು ಕಂಡ ಅಜ್ಜಿ ಒಬ್ಬರು, ಸೊಸೆಯಂದಿರು ಕಂಡ ಅಜ್ಜಿ ಇನ್ನೊಬ್ಬರು. ಡಬ್ಬಿಯ ಬೀಗದ ಕೈ ಯಾರ ಸೆರಗಿನಲ್ಲಿತ್ತು, ಯಾವಾಗ ಕೈ ಬದಲಾಯಿತು, ಯಾರ ಸಾರಿಗೆ ಉಪ್ಪು ಸಾಲದೆಂದು ತಟ್ಟೆ ಸರಿಸಿದರು, ಆಮೇಲೆ ಅದೇ ಸೊಸೆಗೆ ಕಾಯಿಲೆ ಬಂದಾಗ ಎಷ್ಟು ದಿನ ಕಾಲ ಬಳಿ ಕೂತರು ಇವೆಲ್ಲ ಹೊರಬರುವುದು ಅವರಿಂದ. ಮನೆ ಒಡೆಯುವಂಥ ಸಂಗತಿ ಇದ್ದರೆ ಅಚ್ಚು ಮಾಡಬೇಕಾಗಿಲ್ಲ, ಕೇಳಿಟ್ಟುಕೊಳ್ಳಿ. ಆದರೆ ಅಜ್ಜಿಯ ಸಿಟ್ಟನ್ನು ಮಾತ್ರ ಅಳಿಸಬೇಡಿ. ಸಿಟ್ಟೇ ಇಲ್ಲದ ಹೆಂಗಸು ನೆಟ್ಟಿಯ ದಿನ ಇಪ್ಪತ್ತು ಆಳಿಗೆ ಗಂಜಿ ಬೇಯಿಸಿ ಗದ್ದೆಗೆ ಹೊತ್ತುಕೊಂಡು ಹೋಗಿದ್ದನ್ನು ನಾನಂತೂ ನೋಡಿಲ್ಲ.

ಇರುವ ಎರಡು ಫೋಟೋಗಳನ್ನು ಸ್ಕ್ಯಾನ್ ಮಾಡಿಸಿ, ಲ್ಯಾಮಿನೇಶನ್ ಮಾಡಿಸಬೇಡಿ. ನಮ್ಮ ಥಂಡಿಗೆ ಒಳಗೆ ಸೇರಿದ ತೇವ ಚಿತ್ರವನ್ನೇ ತಿಂದುಹಾಕುತ್ತದೆ. ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆ ಇದೆಯೇ ನೋಡಿ, ಊರು ಮತ್ತು ಕಾಲ ಎರಡೂ ಅಂದಾಜಿಗೆ ಸಿಗುತ್ತವೆ.

ಇವೆಲ್ಲಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ: ತುಮರಿಯ ಚಿಕ್ಕಜ್ಜಿಯನ್ನು ನೋಡಲು ಹೋಗುವುದು. ಅವರೂ ತೊಂಬತ್ತರ ಆಸುಪಾಸಿನವರಿರಬೇಕು. ನಿಮ್ಮ ಅಜ್ಜಿ ತೀರಿಕೊಂಡ ಐದು ತಿಂಗಳಿಗೆ, 2025ರ ಜುಲೈ 14ರಂದು, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು; ಬದುಕಿನ ಕೊನೆಯ ಅರುವತ್ತು ವರ್ಷ ಲಾಂಚಿಗೆ ಕಾದು ತವರಿಗೆ ಹೋಗಿಬಂದ ಅವರು ಆ ಸೇತುವೆಯನ್ನು ದಾಟಲಿಲ್ಲ. ನೀವು ದಾಟಿ ಹೋಗಿ. ಕೊಯ್ಲಿಗೆ ಮೊದಲೇ ಹೋಗಿ, ಎರಡು ದಿನ ಉಳಿಯುವ ಹಾಗೆ ಹೋಗಿ. ಮದುವೆಗೆ ಮುಂಚಿನ ಹದಿನೇಳು ವರ್ಷಗಳ ಬಗ್ಗೆ ಮಾತನಾಡಬಲ್ಲವರು ಬಹುಶಃ ಅವರೊಬ್ಬರೇ. ಆ ವರ್ಷಗಳ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಅಕ್ಷರವೂ ಇಲ್ಲ. ಅಜ್ಜಿಯನ್ನು ತವರಿನಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಕೇಳಿ. ಪಹಣಿಯಲ್ಲಿ, ಮತದಾರರ ಪಟ್ಟಿಯಲ್ಲಿ, ಆಧಾರ್ ಕಾರ್ಡಿನಲ್ಲಿ ಇರುವ ಹೆಸರುಗಳೇ ಒಂದಕ್ಕೊಂದು ಹೊಂದದಿರಬಹುದು. ತಂಗಿಯ ಬಾಯಲ್ಲಿರುವುದು ಅವೆಲ್ಲಕ್ಕಿಂತ ಹಳೆಯದು. ಹೋಗುವಾಗ ಎರಡು ಫೋಟೋಗಳನ್ನೂ ದೊಡ್ಡದು ಮಾಡಿಸಿಕೊಂಡು ಒಯ್ಯಿರಿ, ಜೊತೆಗೆ ಎಲೆಯಡಿಕೆ ಇರಲಿ. ಫೋಟೋ ಅವರ ಕೈಗೆ ಕೊಟ್ಟ ಮೇಲೆ ನೀವಾಗಿ ಏನೂ ಕೇಳದೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿರಿ.